ಬೇಸಿಗೆಯಲ್ಲಿ ಕುದಿಯುವ ಇಂಜಿನ್

ಕಾರಿನ ಇಂಜಿನ್ನಿನಲ್ಲಿ ಹುಟ್ಟುವ ಶಾಖ ಸರಿಯಾಗಿ ಹೊರಹೋಗದೆ ಕೂಲೆಂಟ್ ತನ್ನ ಮಿತಿ ಮೀರಿ ಕಾಯುವುದಕ್ಕೆ ಓವರ್‌ಹೀಟ್ ಎನ್ನುತ್ತಾರೆ. ಸಾಮಾನ್ಯವಾಗಿ 85ರಿಂದ 105 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕಾದ ಕೂಲೆಂಟ್ 115, 120ರತ್ತ ಏರಿತೆಂದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಬಾನೆಟ್ ಸಂದಿಯಿಂದ ಹಬೆ ಏಳುತ್ತದೆ. ಆಮೇಲೂ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಅಲ್ಯೂಮಿನಿಯಂ ಹೆಡ್ ಬಾಗುತ್ತದೆ, ಕೊನೆಗೆ ಪಿಸ್ಟನ್ ಕಚ್ಚಿಕೊಂಡು ಇಂಜಿನ್ ಸೀಜ್ ಆಗುತ್ತದೆ.

ಈ ತೊಂದರೆಯ ಎಲ್ಲ ಮುಖಗಳನ್ನೂ ಒಂದೇ ಕಡೆ ನೋಡಬೇಕೆಂದರೆ ಪುಣೆಗೆ ಹೋಗಬೇಕು. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಈ ಊರಿಗೆ ಮುಂಬೈ ಕಡೆಯಿಂದ ಬರುವವರು ಬೋರ್ ಘಾಟಿ ಹತ್ತಬೇಕು. ಸಾತಾರಾ, ಕೊಲ್ಹಾಪುರದ ಮೇಲೆ ಬೆಳಗಾವಿ, ಹುಬ್ಬಳ್ಳಿಗೆ ಹೊರಟವರಿಗೆ ಕಾತ್ರಜ್ ಮತ್ತು ಖಂಬಾಟ್ಕಿ ಎದುರಾಗುತ್ತವೆ. ಊರೊಳಗೆ ಹಿಂಜೇವಾಡಿ ಐಟಿ ಪಾರ್ಕಿನ ದಾರಿಯಲ್ಲಿ, ವಾಕಡ್, ಚಾಂದಣಿ ಚೌಕದ ಸುತ್ತ ಸಂಜೆಯ ಹೊತ್ತು ಕಾರುಗಳು ಆಮೆವೇಗದಲ್ಲಿ ತೆವಳುತ್ತವೆ. ಬೇಸಿಗೆಯೂ ಕಡಿಮೆಯದಲ್ಲ. ಶಿವಾಜಿನಗರದ ಹವಾಮಾನ ಇಲಾಖೆಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದದ್ದರಿಂದ ಊರವರಿಗೆ ಅದು ಇಂದಿಗೂ ‘ಸಿಮ್ಲಾ ಆಫೀಸ್’. ಅಲ್ಲಿಯ ಪುಣೆ ದಾಖಲೆಯಲ್ಲಿ 1897ರ ಏಪ್ರಿಲ್ 30ರಂದು 43.3 ಡಿಗ್ರಿ, 2019ರ ಏಪ್ರಿಲ್ 28ರಂದು 43 ಡಿಗ್ರಿ ಇದೆ. ಇದು ನೆರಳಿನಲ್ಲಿ ಅಳೆದ ಉಷ್ಣತೆ. ಕಾದ ಡಾಂಬರಿನ ಮೇಲೆ, ಮುಂದಿನ ಲಾರಿಯ ಹೊಗೆಯಲ್ಲಿ ನಿಂತ ಕಾರಿನ ರೇಡಿಯೇಟರಿಗೆ ಸಿಗುವ ಗಾಳಿ ಇದಕ್ಕಿಂತ ಎಷ್ಟೋ ಬಿಸಿ.

ಹಾಗೆಂದು ಬಿಸಿಲನ್ನು ದೂರಿ ಸುಮ್ಮನಾದರೆ ಕಾಯಿಲೆ ಪತ್ತೆಯಾಗುವುದಿಲ್ಲ. ಪುಣೆಯಲ್ಲಿ ಕುದಿದ ಕಾರಿನ ಮಾದರಿಯೇ ರಾಜಸ್ಥಾನದಲ್ಲಿ ಇನ್ನೂ ಹೆಚ್ಚು ಬಿಸಿಲಲ್ಲಿ ಏನೂ ಆಗದೆ ಓಡುತ್ತಿರುತ್ತದೆ. ಅಷ್ಟು ಶಾಖ ತಾಳುವಂತೆ ಲೆಕ್ಕ ಹಾಕಿಯೇ ತಯಾರಕರು ರೇಡಿಯೇಟರ್ ಕೂರಿಸುತ್ತಾರೆ. ಅರ್ಧ ಕಟ್ಟಿಕೊಂಡ ರೇಡಿಯೇಟರ್, ಸೋತ ಫ್ಯಾನ್, ಸಡಿಲಾದ ಮುಚ್ಚಳ ಜನವರಿಯಲ್ಲೂ ಇದ್ದವೇ. ತಂಪು ಗಾಳಿ ಅವನ್ನು ಮುಚ್ಚಿಟ್ಟಿತ್ತು. ಆದ್ದರಿಂದ ಅನುಭವಿ ಮೆಕ್ಯಾನಿಕ್ ಬಾನೆಟ್ ಎತ್ತುವ ಮುಂಚೆ ಕೇಳುವುದು ಒಂದೇ: ಎಲ್ಲಿ ಬಿಸಿಯಾಯಿತು, ಆಗ ಗಾಡಿ ಓಡುತ್ತಿತ್ತೋ ನಿಂತಿತ್ತೋ? ಅರ್ಧ ಕೆಲಸ ಆ ಉತ್ತರದಲ್ಲೇ ಮುಗಿಯುತ್ತದೆ.

ಶಾಖ ಹೋಗುವ ದಾರಿ

ಪೆಟ್ರೋಲ್ ಇಂಜಿನ್ ಸುಡುವ ಇಂಧನದ ಶಕ್ತಿಯಲ್ಲಿ ಕೆಲಸಕ್ಕೆ ಬರುವುದು ಹೆಚ್ಚುಕಡಿಮೆ ಕಾಲು ಭಾಗದಿಂದ ಮೂರನೇ ಒಂದು ಭಾಗ. ಮಿಕ್ಕದ್ದೆಲ್ಲ ಶಾಖ. ಅದರ ಒಂದು ಪಾಲು ಹೊಗೆಯ ಜೊತೆ ಸೈಲೆನ್ಸರಿನಿಂದ ಹೋಗುತ್ತದೆ, ಇನ್ನೊಂದು ಪಾಲು ಸಿಲಿಂಡರಿನ ಗೋಡೆಗೂ ಹೆಡ್ಡಿಗೂ ಇಳಿಯುತ್ತದೆ. ಉರಿಯುವ ಅನಿಲ ಕ್ಷಣಮಾತ್ರ 2000 ಡಿಗ್ರಿ ದಾಟುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಸಣ್ಣ ಕಾರಿನಲ್ಲಿ ಈ ಶಾಖವನ್ನು ಹೊತ್ತೊಯ್ಯುವುದು ಐದಾರು ಲೀಟರ್ ಕೂಲೆಂಟ್ ಅಷ್ಟೇ.

ವಾಟರ್ ಪಂಪ್ ಕೂಲೆಂಟನ್ನು ಬ್ಲಾಕ್ ಮತ್ತು ಹೆಡ್ಡಿನ ಒಳದಾರಿಗಳಲ್ಲಿ ತಳ್ಳುತ್ತದೆ. ಅದು ತಣ್ಣಗಿರುವಷ್ಟು ಹೊತ್ತು ಥರ್ಮೋಸ್ಟಾಟ್ ಮುಚ್ಚಿಕೊಂಡು ಇಂಜಿನ್ನಿನೊಳಗೇ ಸುತ್ತಿಸುತ್ತದೆ. 82ರಿಂದ 88 ಡಿಗ್ರಿಯ ಆಸುಪಾಸಿಗೆ ಬಂದಾಗ ಥರ್ಮೋಸ್ಟಾಟಿನೊಳಗಿನ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ, ಕೂಲೆಂಟ್ ರೇಡಿಯೇಟರಿಗೆ ಹರಿಯುತ್ತದೆ. ಕಾರು ಓಡುವಾಗ ಎದುರುಗಾಳಿಯೇ ಅದನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಎಲೆಕ್ಟ್ರಿಕ್ ಫ್ಯಾನಿನದು.

ತೆಳು ಲೋಹದ ಸಣ್ಣ ಸಣ್ಣ ದಾರಿಗಳಲ್ಲಿ ಗಾಳಿ ಹಾಯಿಸಿ ನೀರನ್ನು ತಣಿಸುವ ಉಪಾಯ ವಿಲ್ಹೆಲ್ಮ್ ಮೇಬ್ಯಾಕ್ 1900–01ರಲ್ಲಿ ರೂಪಿಸಿದ 35 ಎಚ್‌ಪಿ ಮರ್ಸಿಡಿಸ್ ಕಾರಿನಲ್ಲಿ ಪಕ್ವವಾಯಿತು. ಅದರ ಜೇನುಗೂಡು ರೇಡಿಯೇಟರಿನಲ್ಲಿ 6 ಮಿ.ಮೀ. ಚೌಕದ 8070 ಕೊಳವೆಗಳಿದ್ದವು. ಅದೇ ಹೆಸರಿನ ಕಾರುಗಳು ಈಗ ಪುಣೆ ಪಕ್ಕದ ಚಾಕಣದಲ್ಲಿ ತಯಾರಾಗುತ್ತವೆ. ಟಾಟಾದ ಪಿಂಪ್ರಿ ಕಾರ್ಖಾನೆ, ಫೋಕ್ಸ್‌ವ್ಯಾಗನ್ನಿನ ಚಾಕಣ ಕಾರ್ಖಾನೆ, 1966ರಲ್ಲಿ ಹುಟ್ಟಿ ವೇತಾಳ ಟೇಕಡಿಯ ಮೇಲೆ ನೆಲೆನಿಂತ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ, ಎಲ್ಲವೂ ಈ ಊರಿನ ಸುತ್ತಲೇ ಇವೆ.

ಇಂಜಿನ್ನಿಗೂ ನೀರಿಗೂ ಇರುವ ನಂಟನ್ನು ಕನ್ನಡ ನಾಡಿನ ರೈತರು ಕಾರಿಗಿಂತ ಮೊದಲೇ ಬಲ್ಲರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯ ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಶುರುಮಾಡಿತು. ಉತ್ತರ ಕರ್ನಾಟಕದ ಬಾವಿಗಳ ದಂಡೆಯ ಮೇಲೆ ಡೀಸೆಲ್ ಪಂಪ್‌ಸೆಟ್ಟಿಗೆ ‘ಕಿರ್ಲೋಸ್ಕರ್’ ಎಂಬುದೇ ಹೆಸರಾಯಿತು. ಹೊಲದ ಪಂಪ್‌ಸೆಟ್ಟಿಗೆ ತಾನೇ ಎತ್ತುವ ನೀರಿನಲ್ಲಿ ಒಂದು ಪಾಲನ್ನು ಒಳಗೆ ಹಾಯಿಸಿ ತಣಿಸಿಕೊಳ್ಳುವ ಅನುಕೂಲವಿದೆ. ಕಾರಿಗೆ ಬಾವಿಯ ಸೌಕರ್ಯವಿಲ್ಲ. ಅದೇ ಐದಾರು ಲೀಟರ್ ಮತ್ತೆ ಮತ್ತೆ ಕಾದು ತಣಿಯಬೇಕು.

ಈ ವ್ಯವಸ್ಥೆಯಲ್ಲಿ ಜನ ತೀರಾ ಕಡೆಗಣಿಸುವುದು ರೇಡಿಯೇಟರಿನ ಮುಚ್ಚಳವನ್ನು. ಪುಣೆಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಸ್ಪ್ರಿಂಗ್ ಇರುವ ಈ ಮುಚ್ಚಳ ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡ ಹಿಡಿದಿಟ್ಟು ಕುದಿಯುವ ಮಟ್ಟವನ್ನು 120ರವರೆಗೆ ಎತ್ತುತ್ತದೆ. ನೀರಿಗೆ ಅರ್ಧಕ್ಕರ್ಧ ಗ್ಲೈಕಾಲ್ ಕೂಲೆಂಟ್ ಬೆರೆತಿದ್ದರೆ ಅದು 130ರ ಸಮೀಪ ಹೋಗುತ್ತದೆ. ರಬ್ಬರ್ ವಾಷರ್ ಒಣಗಿ ಬಿರಿದರೆ, ಸ್ಪ್ರಿಂಗ್ ಸೋತರೆ ಈ ರಕ್ಷಣೆಯೆಲ್ಲ ಮಾಯ. ಕೆಲವೇ ನೂರು ರೂಪಾಯಿಯ ಈ ಮುಚ್ಚಳವನ್ನು ಬದಲಿಸದೆ ಇಂಜಿನ್ ಬಿಚ್ಚಲು ಹೊರಡುವುದು ಶುದ್ಧ ದುಂದು.

ಘಾಟಿ ಏರುವ ಲೆಕ್ಕ

2002ರಲ್ಲಿ ಪೂರ್ತಿಯಾಗಿ ತೆರೆದ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಸುಮಾರು 94.5 ಕಿ.ಮೀ. ಉದ್ದದ್ದು. ಖೋಪೋಲಿಯ ತಪ್ಪಲಿನಿಂದ ಲೋಣಾವಳದವರೆಗೆ ದಾರಿ ಏರುವುದು ಸುಮಾರು 550 ಮೀಟರ್. ಜನ, ಸಾಮಾನು ಸೇರಿ 1500 ಕೆ.ಜಿ. ತೂಗುವ ಕಾರನ್ನು ಅಷ್ಟೆತ್ತರಕ್ಕೆ ಎತ್ತಲು 80 ಲಕ್ಷ ಜೂಲ್ ಶಕ್ತಿ ಬೇಕು. ಬರೀ ಈ ಎತ್ತರಕ್ಕೆಂದೇ ಇಂಜಿನ್ ಸುಮಾರು ಒಂದು ಲೀಟರ್ ಪೆಟ್ರೋಲ್ ಹೆಚ್ಚಿಗೆ ಸುಡಬೇಕಾಗುತ್ತದೆ. ಅದರಿಂದ ಕೂಲೆಂಟಿಗೆ ಇಳಿಯುವ ಶಾಖ 30 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ದಾರಿ ತೆರವಾಗಿದ್ದರೆ ಎದುರುಗಾಳಿ ಅದನ್ನು ಒಯ್ಯುತ್ತದೆ. ಮೇ ತಿಂಗಳ ರಜೆಯ ಶನಿವಾರ ಬೆಳಿಗ್ಗೆ ಲಾರಿಗಳ ಹಿಂದೆ ಫಸ್ಟ್ ಗೇರಿನಲ್ಲಿ ತೆವಳುವಾಗ ಇಂಜಿನ್ ಜೋರಾಗಿ ತಿರುಗುತ್ತದೆ, ಗಾಳಿ ಮಾತ್ರ ಇರುವುದಿಲ್ಲ.

ಗಾಳಿಯ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ರೇಡಿಯೇಟರ್ ಎಷ್ಟು ಶಾಖ ಬಿಡುತ್ತದೆ ಎಂಬುದು ಕೂಲೆಂಟಿಗೂ ಗಾಳಿಗೂ ಇರುವ ಉಷ್ಣತೆಯ ಅಂತರದ ಮೇಲೆ ನಿಂತಿದೆ. 100 ಡಿಗ್ರಿಯ ಕೂಲೆಂಟಿಗೆ 20 ಡಿಗ್ರಿಯ ಗಾಳಿ ತಾಗಿದರೆ ಅಂತರ 80. ಗಾಳಿ 42 ಇದ್ದರೆ 58. ಅಂದರೆ ಅದೇ ರೇಡಿಯೇಟರಿನ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯುತ್ತದೆ. ಎಸಿ ಹಾಕಿದ್ದರೆ ರೇಡಿಯೇಟರಿನ ಮುಂದೆಯೇ ಕೂತ ಕಂಡೆನ್ಸರ್ ಆ ಗಾಳಿಯನ್ನು ಇನ್ನಷ್ಟು ಕಾಯಿಸಿ ಕಳಿಸುತ್ತದೆ. ಕಡಿದಾದ ಏರಿನಲ್ಲಿ ಎಸಿ ಆರಿಸಿ ಎಂಬ ಮಾತಿಗೆ ಆಧಾರ ಇದೇ.

ಕರ್ನಾಟಕದವರಿಗೆ ಹೆಚ್ಚು ಪರಿಚಿತವಾದ ಖಂಬಾಟ್ಕಿಯಲ್ಲಿ ಬಹುಕಾಲದಿಂದ ಒಂದು ವಿಶೇಷವಿದೆ. ಸಾತಾರಾದಿಂದ ಪುಣೆಗೆ ಬರುವವರಿಗೆ ಸುರಂಗ, ಪುಣೆಯಿಂದ ಊರಿಗೆ ಹೊರಟವರಿಗೆ ಘಾಟಿಯ ಏರು. ಬರುವಾಗ ತೊಂದರೆ ಕೊಡದ ಕಾರು ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಹಿಂದಿರುಗುವಾಗ ಕುದಿಯಿತೆಂದರೆ ಅಚ್ಚರಿಪಡಬೇಕಾಗಿಲ್ಲ.

ಪತ್ತೆಯ ಕ್ರಮ

ಟ್ರಾಫಿಕ್ಕಿನಲ್ಲಿ ಮುಳ್ಳು ಏರಿ, ಹೆದ್ದಾರಿಗೆ ಬಂದೊಡನೆ ಇಳಿದರೆ ಮೊದಲು ಅನುಮಾನಿಸಬೇಕಾದದ್ದು ಫ್ಯಾನ್. ಹಿಂಜೇವಾಡಿಯಲ್ಲಿ ಕಾದು, ಬೈಪಾಸಿನಲ್ಲಿ ತಣಿಯುವ ಕಾರಿನ ಕತೆ ಬಹುಪಾಲು ಇದೇ. ಪರೀಕ್ಷೆ ಸುಲಭ: ಇಂಜಿನ್ ಚಾಲೂ ಮಾಡಿ ಎಸಿ ಹಾಕಿದರೆ ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ಆಮೇಲೆ ರಿಲೇ, ಆಮೇಲೆ ಕನೆಕ್ಟರ್ ನೋಡಬೇಕು. ಮೋಟಾರಿಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟಾಗ ತಿರುಗಿದರೆ ಮೋಟಾರ್ ಸರಿಯಿದೆ, ಕರೆಂಟ್ ಬರುತ್ತಿಲ್ಲ. ತಿರುಗದಿದ್ದರೆ ಬ್ರಷ್ ಸವೆದಿದೆ ಇಲ್ಲವೇ ಬೇರಿಂಗ್ ಹಿಡಿದಿದೆ. ಕೆಲವು ಕಾರುಗಳಲ್ಲಿ ಕಡಿಮೆ ವೇಗದ ರೆಸಿಸ್ಟರ್ ಮಾತ್ರ ಸುಟ್ಟಿರುತ್ತದೆ, ಫ್ಯಾನ್ ತುಂಬ ತಡವಾಗಿ ಒಮ್ಮೆಲೇ ಅಬ್ಬರಿಸಿ ಶುರುವಾಗುತ್ತದೆ. ಹಳೆಯ ಜೀಪು, ಎಸ್‌ಯುವಿಗಳಲ್ಲಿ ಬೆಲ್ಟಿನಿಂದ ತಿರುಗುವ ವಿಸ್ಕಸ್ ಫ್ಯಾನ್ ಇರುತ್ತದೆ. ಬಿಸಿ ಇಂಜಿನ್ ಆರಿಸಿದ ಮೇಲೆ ಅದನ್ನು ಕೈಯಿಂದ ತಿರುಗಿಸಿದರೆ ಬಿಗಿ ಇರಬೇಕು. ಗಿರಗಿರನೆ ಸಡಿಲವಾಗಿ ತಿರುಗಿದರೆ ಅದರೊಳಗಿನ ಸಿಲಿಕೋನ್ ಎಣ್ಣೆ ಸೋರಿಹೋಗಿದೆ.

ಇದಕ್ಕೆ ಉಲ್ಟಾ, ಊರೊಳಗೆ ಸರಿಯಿದ್ದು ಘಾಟಿಯಲ್ಲೋ ಹೆದ್ದಾರಿಯ ವೇಗದಲ್ಲೋ ಏರಿದರೆ ಕೂಲೆಂಟಿನ ಹರಿವು ಸಾಲುತ್ತಿಲ್ಲ, ಇಲ್ಲವೇ ರೇಡಿಯೇಟರ್ ಕಟ್ಟಿದೆ. ರೇಡಿಯೇಟರ್ ಕಟ್ಟುವುದು ಎರಡು ಬಗೆ. ಹೊರಗಿನದು ಕಣ್ಣಿಗೆ ಕಾಣುವಂಥದ್ದು, ಆದರೂ ಅದನ್ನು ಹೆಚ್ಚಿನವರು ನೋಡುವುದಿಲ್ಲ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಎರಡು ಬೆರಳಿನ ಸಂದಿ ಇರುತ್ತದೆ. ವರ್ಷಗಟ್ಟಲೆಯ ಧೂಳು, ಮೆಟ್ರೊ ಕಾಮಗಾರಿಯ ಸಿಮೆಂಟ್ ಪುಡಿ, ರಾತ್ರಿ ಹೆದ್ದಾರಿಯಲ್ಲಿ ಬಡಿದ ಹುಳುಗಳು, ಒಣಗಿದ ಎಲೆ ಎಲ್ಲ ಸೇರಿ ಅಲ್ಲಿ ಕಂಬಳಿಯಂಥ ಪದರ ಕಟ್ಟುತ್ತದೆ. ಮುಂದಿನ ಜಾಲರಿಯಿಂದ ನೋಡಿದರೆ ಕಂಡೆನ್ಸರ್ ಲಕಲಕ ಹೊಳೆಯುತ್ತದೆ, ಕೊಳೆ ಅದರ ಹಿಂದಿರುತ್ತದೆ. ಇಂಜಿನ್ ಕಡೆಯಿಂದ ಟಾರ್ಚ್ ಬಿಟ್ಟು ಬೆಳಕು ಆಚೆ ಹಾಯುತ್ತದೆಯೇ ಎಂದು ನೋಡುವುದು ಒಳ್ಳೆಯ ಪರೀಕ್ಷೆ. ತೊಳೆಯುವಾಗ ನೀರನ್ನು ಇಂಜಿನ್ ಕಡೆಯಿಂದ ಹೊರಮುಖವಾಗಿ, ಮೆಲ್ಲಗೆ ಬಿಡಬೇಕು. ವಾಟರ್ ಸರ್ವೀಸಿನ ಜೋರು ಪ್ರೆಷರ್ ತೆಳು ಫಿನ್‌ಗಳನ್ನು ಮಡಚಿ ಗಾಳಿಯ ದಾರಿಯನ್ನೇ ಮುಚ್ಚುತ್ತದೆ.

ಒಳಗೆ ಕಟ್ಟುವುದಕ್ಕೆ ಮುಖ್ಯ ಕಾರಣ ಬೋರ್‌ವೆಲ್ ನೀರು. ಕೂಲೆಂಟ್ ಕಡಿಮೆಯಾದಾಗಲೆಲ್ಲ ಸೊಸೈಟಿಯ ನಲ್ಲಿಯಿಂದಲೋ ಧಾಬಾದ ಡ್ರಮ್ಮಿನಿಂದಲೋ ನೀರು ಸುರಿದರೆ ಅದರ ಸುಣ್ಣ ಸಣ್ಣ ಕೊಳವೆಗಳಲ್ಲಿ ಕೂತುಬಿಡುತ್ತದೆ. ರೇಡಿಯೇಟರಿನ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಆಡಿಸಿದರೆ ಕಟ್ಟಿದ ಜಾಗ ತಣ್ಣಗೆ ತೋರುತ್ತದೆ. ನೀರು ಬೆರೆಸಲೇಬೇಕೆಂದರೆ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ನೀರು ಬೆರೆಸದ ಗಟ್ಟಿ ಕೂಲೆಂಟ್ ತುಂಬಿದರೆ ಇನ್ನೂ ಒಳ್ಳೆಯದು ಎಂದು ನಂಬಿದವರಿದ್ದಾರೆ, ಅದು ತಪ್ಪು. ಶಾಖ ಹೊರುವ ಶಕ್ತಿ ನೀರಿಗೇ ಹೆಚ್ಚು. ಗ್ಲೈಕಾಲ್ ಇರುವುದು ಕುದಿಯುವ ಮಟ್ಟ ಏರಿಸಲು, ಅದರೊಡನೆ ಬೆರೆಸಿದ ರಾಸಾಯನಿಕಗಳಿರುವುದು ತುಕ್ಕು ತಡೆಯಲು. ಅರ್ಧಕ್ಕರ್ಧ ಮಿಶ್ರಣ ಪುಣೆಗೂ ಬೆಂಗಳೂರಿಗೂ ಧಾರಾಳ ಸಾಕು.

ರೇಡಿಯೇಟರಿನ ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ ಇಲ್ಲವೇ ರೇಡಿಯೇಟರಿನಲ್ಲಿ ಹರಿವಿಲ್ಲ. ಥರ್ಮೋಸ್ಟಾಟನ್ನು ಬಿಚ್ಚಿ ಹಳೆಯ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗುಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಬೇಕು. ಅದರ ಮೈಮೇಲೆ 82 ಎಂದು ಒತ್ತಿದ್ದರೆ 82ರ ಹತ್ತಿರ ಬಾಯಿ ಬಿಡಲು ಶುರುಮಾಡಿ, ಮುಂದಿನ ಹತ್ತು ಹದಿನೈದು ಡಿಗ್ರಿಯೊಳಗೆ ಪೂರ್ತಿ ತೆರೆಯಬೇಕು. ಅರ್ಧಕ್ಕೆ ನಿಂತರೆ ಹೊಸದು ಹಾಕಬೇಕು.

ಇಲ್ಲಿ ನಮ್ಮ ಗ್ಯಾರೇಜುಗಳ ಒಂದು ಹಳೆಯ ಚಾಳಿಯನ್ನು ಖಂಡಿಸಲೇಬೇಕು. ‘ನಮ್ಮ ಬಿಸಿಲಿಗೆ ಇದು ಬೇಡ’ ಎಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವುದು ಪುಣೆಯ ನಾನಾ ಪೇಟೆಯಿಂದ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಎಲ್ಲೆಲ್ಲೂ ಕೇಳಿಬರುವ ಸಲಹೆ. ಕಿತ್ತ ಮೇಲೆ ಇಂಜಿನ್ ಬೇಗ ಬಿಸಿಯಾಗದೆ ಕಂಪ್ಯೂಟರ್ ಹೆಚ್ಚು ಇಂಧನ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಸ್ಕ್ಯಾನರಿನಲ್ಲಿ ಪಿ0128 ಕೋಡ್ ಬರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟಿನ ಕೆಳಗೊಂದು ಎರಡನೇ ತಟ್ಟೆ ಇರುತ್ತದೆ. ಬಿಸಿಯಾದಾಗ ಅದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಕಿತ್ತರೆ ಬೈಪಾಸ್ ಸದಾ ತೆರೆದೇ ಇದ್ದು ಕೂಲೆಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ. ಅಂಥ ಕಾರು ಘಾಟಿಯಲ್ಲಿ ಮೊದಲಿಗಿಂತ ಬೇಗ ಕುದಿಯುತ್ತದೆ.

ಕೂಲೆಂಟ್ ಕಡಿಮೆಯಾಗುತ್ತಲೇ ಇದ್ದರೆ ಸೋರಿಕೆ ಹುಡುಕಬೇಕು. ತಣ್ಣಗಿರುವ ರೇಡಿಯೇಟರಿನ ಬಾಯಿಗೆ ಕೈಪಂಪ್ ಕೂರಿಸಿ 1 ಬಾರ್ ಒತ್ತಡ ಕೊಟ್ಟು ಕಾದರೆ ಹೋಸ್ ಕ್ಲಿಪ್ಪಿನ ಬುಡ, ಪ್ಲಾಸ್ಟಿಕ್ ಟ್ಯಾಂಕಿನ ಬಿರುಕು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು ಎಲ್ಲವೂ ಬಾಯಿಬಿಡುತ್ತವೆ. ಆ ತೂತಿನಿಂದ ಬಣ್ಣದ ಕಲೆ ಇಳಿದಿದ್ದರೆ ಪಂಪಿನ ಸೀಲ್ ಹೋಗಿದೆ ಎಂದೇ ಅರ್ಥ. ಸಿಎನ್‌ಜಿ ಕಿಟ್ ಹಾಕಿಸಿದ ಕಾರುಗಳಲ್ಲಿ ಇನ್ನೊಂದು ಜಾಗವನ್ನೂ ನೋಡಬೇಕು. ಅನಿಲದ ಒತ್ತಡ ಇಳಿಸುವ ರೆಡ್ಯೂಸರ್ ಹೆಪ್ಪುಗಟ್ಟದಿರಲೆಂದು ಕೂಲೆಂಟ್ ಹೋಸನ್ನು ಕತ್ತರಿಸಿ ಟಿ ಜಾಯಿಂಟ್ ಹಾಕಿ ಅದಕ್ಕೆ ಬಿಸಿ ಕೂಲೆಂಟ್ ಕೊಟ್ಟಿರುತ್ತಾರೆ. ಆ ಜಾಯಿಂಟುಗಳು ಸೋರುತ್ತವೆ. ಕೂಲೆಂಟ್ ತೀರಾ ಇಳಿದಾಗ ಇಂಜಿನ್ ಕಾಯುತ್ತಿದ್ದರೂ ರೆಡ್ಯೂಸರಿನ ಮೇಲೆ ಮಂಜು ಕಟ್ಟಿ ಗಾಡಿ ಜಗ್ಗತೊಡಗುತ್ತದೆ.

ಹೊರಗೆಲ್ಲೂ ಸೋರದೆ ಕೂಲೆಂಟ್ ಮಾಯವಾಗುತ್ತಿದ್ದರೆ, ತಣ್ಣಗೆ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಖಚಿತಪಡಿಸಲು ನೀಲಿ ದ್ರವದ ಪರೀಕ್ಷೆ ಇದೆ: ರೇಡಿಯೇಟರಿನ ಬಾಯಿಯ ಗಾಳಿಯನ್ನು ಆ ದ್ರವದ ಮೂಲಕ ಎಳೆದಾಗ ಅದು ಹಳದಿಗೆ ತಿರುಗಿದರೆ ಸಿಲಿಂಡರಿನ ಹೊಗೆ ಕೂಲೆಂಟಿಗೆ ನುಗ್ಗುತ್ತಿದೆ. ಇಷ್ಟಾಗುವ ಮುಂಚೆ ಹೆಡ್ ಬಿಚ್ಚಲು ಒಪ್ಪಬಾರದು.

ಮುಳ್ಳನ್ನು ಪೂರ್ತಿ ನಂಬುವಂತಿಲ್ಲ ಎಂಬುದೂ ಗೊತ್ತಿರಬೇಕು. ಚಾಲಕರು ಗಾಬರಿಯಾಗದಿರಲೆಂದು ಹಲವು ಕಾರುಗಳಲ್ಲಿ ಅದನ್ನು 75ರಿಂದ 105 ಡಿಗ್ರಿವರೆಗೆ ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಎಷ್ಟೋ ಹೊಸ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ನೀಲಿ ಮತ್ತು ಕೆಂಪು ದೀಪ ಮಾತ್ರ. ಸ್ಟಿಯರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಸಣ್ಣ ಬ್ಲೂಟೂತ್ ಡಾಂಗಲ್ ಚುಚ್ಚಿದರೆ ನಿಜವಾದ ಡಿಗ್ರಿ ಫೋನಿನಲ್ಲಿ ಕಾಣುತ್ತದೆ. ಬಿಸಿಯೇರಿದ್ದ ಮುಳ್ಳು ದಿಢೀರನೆ ಸೊನ್ನೆಗೆ ಬಿದ್ದರೆ ನಿಟ್ಟುಸಿರು ಬಿಡಬಾರದು. ಕೂಲೆಂಟ್ ಖಾಲಿಯಾಗಿ ಸೆನ್ಸರ್ ಬರೀ ಹಬೆಯಲ್ಲಿ ನಿಂತಿರಬಹುದು.

ದಾರಿಯಲ್ಲಿ ಕುದಿದಾಗ

ಮುಳ್ಳು ಏರತೊಡಗಿದ ಕೂಡಲೇ ಎಸಿ ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಬೇಕು. ಹೀಟರ್ ಎಂಬುದು ಒಳಗಿನ ಇನ್ನೊಂದು ಪುಟ್ಟ ರೇಡಿಯೇಟರ್. ಮೇ ತಿಂಗಳಲ್ಲಿ ಇದು ಹಿಂಸೆಯೇ, ಆದರೂ ಇಂಜಿನ್ ಉಳಿಯುತ್ತದೆ. ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಕೂಲೆಂಟ್ ಇಲ್ಲವೆಂದು ತಿಳಿದು ತಕ್ಷಣ ನಿಲ್ಲಿಸಬೇಕು. ಹಬೆ ಕಂಡರೂ, ಕೆಂಪು ದೀಪ ಹೊತ್ತಿದರೂ ಅಷ್ಟೇ. ಹಜಾರ್ಡ್ ದೀಪ ಹಾಕಿ, ಎಡಕ್ಕೆ ತೆಗೆದು, ಇಂಜಿನ್ ಆರಿಸಿ ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಬೇಕು.

ಬಿಸಿ ಇಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಒತ್ತಡ ಹೋದ ಕ್ಷಣ 115 ಡಿಗ್ರಿಯ ದ್ರವ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಹಿಡಿದು ತಿರುಗಿಸಿದವರೂ ಕೈ, ಕುತ್ತಿಗೆ ಸುಟ್ಟುಕೊಂಡಿದ್ದಾರೆ. ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕಾದು, ಮೇಲಿನ ಹೋಸ್ ಹಿಸುಕಿ ಮೆತ್ತಗಿದೆ ಎಂದು ನೋಡಿಕೊಂಡೇ ತೆರೆಯಬೇಕು. ಆಗಲೂ ತಣ್ಣೀರನ್ನು ಒಮ್ಮೆಲೇ ಸುರಿದರೆ ಕಾದ ಹೆಡ್ ಬಿರಿಯಬಹುದು. ಇಂಜಿನ್ ಚಾಲೂ ಇಟ್ಟು ಸ್ವಲ್ಪ ಸ್ವಲ್ಪವೇ ಹಾಕುವುದು ಕ್ರಮ.

ರಿಪೇರಿ

ಹಿತ್ತಾಳೆ–ತಾಮ್ರದ ಹಳೆಯ ರೇಡಿಯೇಟರುಗಳಿಗೆ ತಲೆಯ ಟ್ಯಾಂಕ್ ಬಿಚ್ಚಿ, ಕೊಳವೆಗಳಲ್ಲಿ ತೆಳು ಸಲಾಕೆ ಹಾಯಿಸಿ, ಮತ್ತೆ ಬೆಸುಗೆ ಹಾಕುವ ಕುಶಲಿಗಳಿದ್ದರು. ಈಗಿನ ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರಿಗೆ ಆ ಚಿಕಿತ್ಸೆ ಒಗ್ಗುವುದಿಲ್ಲ. ಬಿರಿದ ಟ್ಯಾಂಕಿಗೆ ಎಂ-ಸೀಲ್ ಮೆತ್ತಿದರೆ ಊರು ಸೇರಬಹುದು, ಆಮೇಲೆ ಹೊಸದೇ ಬೇಕು. ಸೋರಿಕೆ ತಡೆಯುವ ಪುಡಿ ತೂತಿನ ಜೊತೆಗೆ ಹೀಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ವಾಟರ್ ಪಂಪನ್ನು ಟೈಮಿಂಗ್ ಬೆಲ್ಟ್ ತಿರುಗಿಸುವ ಇಂಜಿನ್ನುಗಳಲ್ಲಿ ಎರಡನ್ನೂ ಒಟ್ಟಿಗೆ ಬದಲಿಸಿದರೆ ಕೂಲಿ ಉಳಿಯುತ್ತದೆ.

ಹೆಡ್ ಬಿಚ್ಚಿದರೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚುವುದು ಅರ್ಧ ಕೆಲಸ. ಹೆಡ್ಡಿನ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಫೀಲರ್ ಗೇಜ್ ತೂರಿಸಿ ನೋಡಬೇಕು. ಹಲವು ಇಂಜಿನ್ನುಗಳಲ್ಲಿ 0.05 ಮಿ.ಮೀ. ಬಾಗಿದ್ದರೂ ಸಮತಟ್ಟು ಮಾಡಿಸಲು ಮೆಷಿನ್ ಶಾಪಿಗೆ ಕಳಿಸಬೇಕಾಗುತ್ತದೆ. ಹಿಗ್ಗುವ ಜಾತಿಯ ಹೆಡ್ ಬೋಲ್ಟುಗಳನ್ನು ಮತ್ತೆ ಬಳಸುವಂತಿಲ್ಲ. ಬಿಗಿಸುವುದು ಟಾರ್ಕ್ ರೆಂಚಿನಿಂದ, ಕಂಪನಿ ಹೇಳಿದ ಸರದಿಯಲ್ಲೇ.

ಕೂಲೆಂಟ್ ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ಅಷ್ಟೂ ರಿಪೇರಿ ವ್ಯರ್ಥ. ಆ ಗಾಳಿಗುಳ್ಳೆ ಹೆಡ್ಡಿನಲ್ಲಿ ನಿಂತು ಅಲ್ಲೇ ಕಾಯಿಸುತ್ತದೆ. ಕಾರಿನ ಮೂತಿ ಮೇಲಾಗುವಂತೆ ನಿಲ್ಲಿಸಿ, ಹೀಟರ್ ತೆರೆದಿಟ್ಟು, ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಫ್ಯಾನ್ ಎರಡು ಮೂರು ಸಲ ತಿರುಗಿ ನಿಲ್ಲುವವರೆಗೆ ಇಂಜಿನ್ ಓಡಿಸಬೇಕು. ಮಾರನೇ ದಿನ ತಣ್ಣಗಿರುವಾಗ ಮಟ್ಟ ನೋಡಿ, ಪುಣೆ ಬಳಿಯ ದಿವೆ ಘಾಟಿಯಂಥ ಒಂದು ಏರಿನಲ್ಲಿ ಓಡಿಸಿ, ಡಾಂಗಲ್ಲಿನಲ್ಲಿ ಉಷ್ಣತೆ ಗಮನಿಸಿದರೆ ಕೆಲಸದ ಗುಣ ತಿಳಿಯುತ್ತದೆ.

ಇಳಿಸಿದ ಹಳೆಯ ಕೂಲೆಂಟನ್ನು ಚರಂಡಿಗೂ ಗ್ಯಾರೇಜಿನ ಮುಂದಿನ ಮಣ್ಣಿಗೂ ಚೆಲ್ಲುವುದು ನಿಲ್ಲಬೇಕು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ಬೀದಿನಾಯಿ, ಬೆಕ್ಕುಗಳು ನೆಕ್ಕುತ್ತವೆ; ಸ್ವಲ್ಪವೇ ಒಳಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅದೇ ಅಪಾಯ. ಕ್ಯಾನಿನಲ್ಲಿ ತುಂಬಿ, ಹಳೆಯ ಇಂಜಿನ್ ಆಯಿಲಿನೊಡನೆ ಬೆರೆಸದೆ, ತೆಗೆದುಕೊಳ್ಳುವ ಸರ್ವೀಸ್ ಸೆಂಟರಿಗೆ ಒಪ್ಪಿಸಬೇಕು.